ಬೀಗದೊಳಗೆ ಕೀ ಮುರಿದ್ರೆ ಹೀಗೆ ಟ್ರೈ ಮಾಡಿ

ನಿನ್ನೆ ನಮ್ಮನೆ ಗೇಟ್ ಬೀಗದಲ್ಲಿ ಕೀ ಅರ್ಧಕ್ಕೇ ಮುರ್ದೋಯ್ತು, ಮಳೆಗೆ ತುಕ್ಕು ಹಿಡಿದಿತ್ತು, ನಾನು ಬೇರೆ ಜೋರಾಗಿ ತಿರುಗಿಸ್ದೆ. ಕೀ ಮಾಡೋರು ಸಂಜೆ ಬರ್ತೀನಿ ಅಂದ್ರು, ಅಲ್ಲಿವರ್ಗೂ ಯಾರು ಕಾಯ್ತಾರೆ ಅಂತ ನಾನೇ ಕೂತೆ.

ಮೊದ್ಲು ಕೀ ತೂತು ನೆಟ್ಟಗಿದ್ಯಾ ನೋಡಿ, ಅಂದ್ರೆ ಕೀ ಹಾಕುವಾಗ ಹೇಗಿರುತ್ತೋ ಹಾಗೆ. ಸ್ವಲ್ಪ ತಿರುಗಿ ನಿಂತಿದ್ರೂ ಬೀಗದೊಳಗಿನ ಪಿನ್‌ಗಳು, ಅಂದ್ರೆ ಕೀ ಹಲ್ಲಿನ ಮೇಲೆ ಕೂರೋ ಸಣ್ಣ ಕಡ್ಡಿಗಳು, ತುಂಡನ್ನ ಬಿಡಲ್ಲ, ಎಷ್ಟ್ ಎಳೆದ್ರೂ ವೇಸ್ಟ್. ನಂದು ತಿರುಗಿತ್ತು, ಸಣ್ಣ ಸ್ಕ್ರೂಡ್ರೈವರ್ ತುದೀಲಿ ಮೆಲ್ಲಗೆ ವಾಪಸ್ ತಂದೆ.

ಆಮೇಲೆ ಪೆನ್ಸಿಲ್ ಕಡ್ಡಿನ ಬ್ಲೇಡಲ್ಲಿ ಕೆರೆದು ಆ ಕಪ್ಪು ಪುಡಿನ ತೂತಿಗೆ ಊದಿ. ಕೊಬ್ರಿ ಎಣ್ಣೆ ಬಿಡ್ಬೇಡಿ ಮಾರಾಯ್ರೆ, ಆಗ ಜಾರುತ್ತೆ ನಿಜ, ಆದ್ರೆ ಧೂಳೆಲ್ಲ ಅಂಟ್ಕೊಂಡು ಆಮೇಲೆ ಇನ್ನೂ ಬಿಗಿಯಾಗುತ್ತೆ.

ತುಂಡು ಎಳೆಯೋಕೆ ಎರಡು ಸೇಫ್ಟಿ ಪಿನ್ ಹಾಕ್ದೆ, ಎರಡೂ ಬಗ್ಗೋದ್ವು. ಕೆಲ್ಸಕ್ಕೆ ಬಂದಿದ್ದು ಮಗನ ಕ್ರಾಫ್ಟ್ ಡಬ್ಬೀಲಿದ್ದ ದಾರದಷ್ಟು ಸಣ್ಣ ಗರಗಸದ ಬ್ಲೇಡು, ಹಲ್ಲು ನಮ್ಮ ಕಡೆ ವಾಲಿರೋ ಹಾಗೆ ಕೀ ಹಲ್ಲಿನ ಪಕ್ಕದಲ್ಲೇ ತೂರಿಸಿ, ಒಂಚೂರು ತಿರುವಿ ಕಚ್ಚಿಸಿ ಎಳೆದ್ರೆ ಕೂದಲೆಳೆಯಷ್ಟು ಈಚೆ ಬರುತ್ತೆ. ಹತ್ತು ಹನ್ನೆರಡು ಸಲ ಎಳೆದ್ಮೇಲೆ ತುದಿ ಕಾಣಿಸ್ತು, ಹುಬ್ಬಿನ ಚಿಮಟದಲ್ಲಿ ಹಿಡ್ದು ತೆಗ್ದೆ.

ಕಡ್ಡಿ ತುದಿಗೆ ಸೂಪರ್ ಗ್ಲೂ ಹಚ್ಚಿ ತುಂಡಿಗೆ ಅಂಟಿಸಿ ಎಳೀರಿ ಅನ್ನೋರ ಮಾತು ಮಾತ್ರ ಕೇಳ್ಬೇಡಿ, ಗ್ಲೂ ಒಳಗಿನ ಪಿನ್‌ಗಳಿಗೆ ಅಂಟಿದ್ರೆ ಬೀಗಾನೇ ಎಸೀಬೇಕು. ಮುರಿದ ಎರಡೂ ತುಂಡು ಇಟ್ಕೊಂಡಿರಿ, ಜೋಡಿಸಿಟ್ಟು ಅದ್ರ ಮೇಲೇ ಹೊಸ ಕೀ ಕಟ್ ಮಾಡ್ಕೊಡ್ತಾರೆ.