ಮನೆಯ ವೈಫೈಗೆ ಸೇರಿಕೊಂಡ ಅಪರಿಚಿತ ಸಾಧನಗಳನ್ನು ನಾನು ಗುರುತಿಸಿದ ಬಗೆ

ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಮ್ಮ ಮನೆಯಲ್ಲಿ ಸಂಜೆಯಾದರೆ ಇಂಟರ್‌ನೆಟ್ ನಿಧಾನವಾಗುತ್ತದೆ ಎಂಬ ದೂರು ಹೆಚ್ಚಾದಾಗ, ನಾನು ರೌಟರಿನ ಒಳಪುಟವನ್ನು ತೆರೆದು ವೈಫೈಗೆ ಏನೇನು ಸೇರಿಕೊಂಡಿದೆ ಎಂದು ನೋಡಿದೆ. ಮನೆಯಲ್ಲಿ ನಾವಿರುವುದು ನಾಲ್ಕು ಮಂದಿ, ಆದರೆ ಪಟ್ಟಿಯಲ್ಲಿದ್ದ ಸಾಲುಗಳು ಅದರ ನಾಲ್ಕು ಪಟ್ಟನ್ನೂ ಮೀರಿದ್ದವು. ಕೆಲವು ಸಾಲುಗಳಲ್ಲಿ ಮೊಬೈಲಿನ ಮಾಡೆಲ್ ಹೆಸರಿತ್ತು, ಹಲವು ಸಾಲುಗಳಲ್ಲಿ ‘ಅನ್‌ನೋನ್’ ಎಂಬ ಪದ ಮತ್ತು ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ, ಹನ್ನೆರಡು ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ ಬಿಟ್ಟರೆ ಬೇರೇನೂ ಇರಲಿಲ್ಲ.

ವಿಷಯ ಕೇಳಿದ ಬಾವ, “ಪಾಸ್‌ವರ್ಡ್ ಬದಲಾಯಿಸಿ ಬಿಡು ಮಾರಾಯ, ಮತ್ತೆ ಯಾರೂ ಬರುವುದಿಲ್ಲ” ಎಂದರು. ಮನೆಯ ಕ್ಯಾಮೆರಾದ ದೃಶ್ಯಗಳನ್ನು ಹೊರಗಿನವರು ನೋಡುತ್ತಿದ್ದಾರೆ ಎಂಬಂಥ ಗಟ್ಟಿ ಅನುಮಾನವಿದ್ದವರು ಹಾಗೆ ಮಾಡುವುದೇ ಸರಿ. ಅಂಥ ಅನುಮಾನ ಇಲ್ಲದಿದ್ದರೆ ಮೊದಲು ಗುರುತಿಸಬೇಕು, ಆಮೇಲೆ ಬಾಗಿಲು ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಪಾಸ್‌ವರ್ಡ್ ಬದಲಾಯಿಸಿದ ಕ್ಷಣವೇ ನಮ್ಮದೂ ಪರರದೂ ಎಲ್ಲ ಒಟ್ಟಿಗೆ ಕಳಚಿಕೊಳ್ಳುತ್ತವೆ. ಒಳಗಿದ್ದದ್ದು ಯಾವುದು, ಅದು ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಗುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ, ಬಂದ ದಾರಿ ಮಾತ್ರ ತೆರೆದೇ ಇರುತ್ತದೆ.

ರೌಟರಿನ ಒಳಪುಟದ ವಿಳಾಸವು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ, ರೌಟರಿನ ತಳಭಾಗದ ಸ್ಟಿಕ್ಕರಿನಲ್ಲಿ ಅದನ್ನು ಮುದ್ರಿಸಿರುತ್ತಾರೆ. ಒಳಗೆ ಹೋದ ಮೇಲೆ ಎರಡು ಪಟ್ಟಿಗಳ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಡಿಎಚ್‌ಸಿಪಿ ಪಟ್ಟಿ ಎಂಬುದು ರೌಟರ್ ಯಾವ ಯಾವ ಸಾಧನಕ್ಕೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನೊಳಗಿನ ತಾತ್ಕಾಲಿಕ ಸಂಖ್ಯೆ, ಹಂಚಿದೆ ಎಂಬುದರ ದಾಖಲೆ. ಹಂಚಿದ ವಿಳಾಸಕ್ಕೆ ಒಂದು ಅವಧಿ ಇರುವುದರಿಂದ, ಅವಧಿ ಮುಗಿಯುವವರೆಗೆ, ಮನೆಯಿಂದ ಹೊರಟುಹೋದ ಅತಿಥಿಯ ಮೊಬೈಲ್ ಕೂಡ ಅಲ್ಲಿ ಉಳಿದಿರುತ್ತದೆ. ವೈರ್‌ಲೆಸ್ ವಿಭಾಗದಲ್ಲಿರುವ ಇನ್ನೊಂದು ಪಟ್ಟಿ ಆ ಹೊತ್ತಿಗೆ ನಿಜವಾಗಿಯೂ ಸಂಪರ್ಕದಲ್ಲಿರುವ ಸಾಧನಗಳನ್ನು, ಅವುಗಳ ಸಿಗ್ನಲ್ ಬಲದೊಂದಿಗೆ ತೋರಿಸುತ್ತದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ನನ್ನ ಪಟ್ಟಿಯ ಹಲವು ಸಾಲುಗಳು ಹಳೆಯ ನೆರಳುಗಳೆಂದು ಗೊತ್ತಾಗಿ ಕಳೆದುಹೋದವು.

ಉಳಿದವುಗಳಲ್ಲಿ ಮೊದಲು ನಮ್ಮವನ್ನು ಬೇರ್ಪಡಿಸಲು ಒಂದು ನೋಟ್‌ಬುಕ್ ಹಿಡಿದು ಅಮ್ಮ, ಅಪ್ಪ, ತಂಗಿ ಹಾಗೂ ನನ್ನ ಮೊಬೈಲುಗಳ ವಿಳಾಸಗಳನ್ನು ಬರೆದುಕೊಂಡೆ. ಇಲ್ಲಿ ಹೆಚ್ಚಿನವರಿಗೆ ತೊಡಕಾಗುವ ಒಂದು ವಿಷಯವಿದೆ. ಆ್ಯಂಡ್ರಾಯ್ಡ್‌ನಲ್ಲಿ 10ನೆಯ ಆವೃತ್ತಿಯಿಂದ, ಐಫೋನ್‌ನಲ್ಲಿ 2020ರಲ್ಲಿ ಬಂದ ಐಒಎಸ್ 14ರಿಂದ, ಮೊಬೈಲುಗಳು ತಮ್ಮ ಅಸಲಿ ಮ್ಯಾಕ್ ವಿಳಾಸವನ್ನು ಮರೆಮಾಡಿ, ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ತಾತ್ಕಾಲಿಕ ವಿಳಾಸವನ್ನು ಕೊಡುತ್ತವೆ. ಆದ್ದರಿಂದ ಮೊಬೈಲಿನ ‘ಅಬೌಟ್ ಫೋನ್’ ಪುಟದಲ್ಲಿರುವ ವಿಳಾಸವನ್ನು ರೌಟರಿನ ಪಟ್ಟಿಯಲ್ಲಿ ಹುಡುಕಿದರೆ ಅದು ಸಿಗದೆ ಹೋಗಬಹುದು. ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ, ನಮ್ಮ ಮನೆಯ ನೆಟ್‌ವರ್ಕ್ ಹೆಸರನ್ನು ಒತ್ತಿದಾಗ ಬರುವ ವಿವರಗಳಲ್ಲಿರುವ ವಿಳಾಸವನ್ನೇ ನೋಡಬೇಕು. ವೈಫೈ ಹರಡುವ ಎರಡು ತರಂಗ ಶ್ರೇಣಿಗಳಲ್ಲಿ ನಮ್ಮ ರೌಟರಿನಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ಇಟ್ಟಿದ್ದರಿಂದ, ಜಗಲಿಯಲ್ಲಿ ಒಂದನ್ನೂ ಒಳಕೋಣೆಯಲ್ಲಿ ಇನ್ನೊಂದನ್ನೂ ಹಿಡಿಯುತ್ತಿದ್ದ ತಂಗಿಯ ಮೊಬೈಲ್ ಎರಡು ಬೇರೆ ಸಾಧನಗಳಂತೆ ಡಿಎಚ್‌ಸಿಪಿ ಪಟ್ಟಿಯಲ್ಲಿ ಕುಳಿತಿತ್ತು. ಅಪರಿಚಿತರೆಂದು ನಾವು ಹೆದರುವ ಸಾಲುಗಳಲ್ಲಿ ಹೀಗೆ ನಮ್ಮದೇ ಮೊಬೈಲಿನ ಎರಡನೆಯ ಮುಖ ಇರುವುದು ಸಾಮಾನ್ಯ.

ಇಂಥ ತಾತ್ಕಾಲಿಕ ವಿಳಾಸವನ್ನು ನೋಡಿದ ಕೂಡಲೇ ಹಿಡಿಯಬಹುದು. ಹನ್ನೆರಡು ಅಕ್ಷರಗಳಲ್ಲಿ ಎರಡನೆಯದು 2, 6, ಎ (A) ಅಥವಾ ಇ (E) ಆಗಿದ್ದರೆ ಆ ವಿಳಾಸ ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ, ಸಾಧನವೇ ಹುಟ್ಟಿಸಿಕೊಂಡದ್ದು. ಹಾಗಿಲ್ಲದಿದ್ದರೆ ಮೊದಲ ಆರು ಅಕ್ಷರಗಳು ತಯಾರಕರ ಗುರುತು. ಐಇಇಇ ಎಂಬ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ ಅವನ್ನು ಕಂಪನಿಗಳಿಗೆ ಹಂಚುತ್ತದೆ ಮತ್ತು ಆ ನೋಂದಣಿಯನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ಫಿಂಗ್‌ನಂಥ ಮೊಬೈಲ್ ಆ್ಯಪ್‌ಗಳು ಈ ಕೆಲಸವನ್ನು ತಾವೇ ಮಾಡಿ ಹೆಸರನ್ನು ತೋರಿಸುತ್ತವೆ. ಆದರೆ ಆ ಹೆಸರನ್ನು ಓದುವಾಗ ಎಚ್ಚರ ಬೇಕು, ಏಕೆಂದರೆ ಅದು ಹಲವು ಬಾರಿ ವೈಫೈ ಬಿಡಿಭಾಗ ಮಾಡಿದವರ ಹೆಸರಾಗಿರುತ್ತದೆ. ನಮ್ಮ ಟಿವಿಯ ಮುಂದೆ ಟಿವಿ ಕಂಪನಿಯ ಹೆಸರಿರಲಿಲ್ಲ, ಯಾರೂ ಕೇಳಿರದ ಒಂದು ವಿದೇಶಿ ಸಂಸ್ಥೆಯ ಹೆಸರಿತ್ತು. ‘ಎಸ್‌ಪ್ರೆಸಿಫ್’ ಎಂದು ಕಂಡರೆ ಅದು ಚೀನಾದ ಶಾಂಘೈಯ ಚಿಪ್ ಕಂಪನಿ. ಅಗ್ಗದ ಸ್ಮಾರ್ಟ್ ಬಲ್ಬ್, ಪ್ಲಗ್, ಸ್ವಿಚ್ಚುಗಳಲ್ಲಿ ಅದರ ಚಿಪ್ಪುಗಳೇ ಹೇರಳವಾಗಿ ಇರುವುದರಿಂದ, ಆ ಹೆಸರು ಕಂಡಾಗ ಗಾಬರಿಯಾಗುವ ಮೊದಲು ಮನೆಯ ಬಲ್ಬುಗಳನ್ನು ಎಣಿಸುವುದು ಒಳ್ಳೆಯದು.

ಇಷ್ಟು ಮಾಡಿದ ಮೇಲೂ ಉಳಿದ ಸಾಲುಗಳ ವಿಷಯದಲ್ಲಿ ನನಗೆ ಹೆಚ್ಚು ನೆರವಾದದ್ದು ನಮ್ಮೂರಿನ ಮಳೆಗಾಲ. ಜೂನ್ ತಿಂಗಳಲ್ಲಿ ಗಾಳಿಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು ನಮಗೆ ಹೊಸತಲ್ಲ. ನಮ್ಮ ರೌಟರ್ ಇನ್ವರ್ಟರಿನ ಲೈನಿನಲ್ಲಿದೆ. ಟಿವಿ, ವಾಷಿಂಗ್ ಮೆಷಿನ್, ಅಟ್ಟದ ಮೇಲಿನ ಸ್ಮಾರ್ಟ್ ಪ್ಲಗ್ ಇವು ಇನ್ವರ್ಟರಿಗೆ ಸೇರಿಲ್ಲ. ಕರೆಂಟು ಹೋಗಿ ಕೆಲವು ನಿಮಿಷ ಕಳೆದ ಮೇಲೆ ಪಟ್ಟಿಯನ್ನು ನೋಡಿದರೆ, ಬ್ಯಾಟರಿಯಲ್ಲಿ ಅಥವಾ ಇನ್ವರ್ಟರಿನಲ್ಲಿ ನಡೆಯುವ ಸಾಧನಗಳು ಮಾತ್ರ ಉಳಿದು, ಮೆಸ್ಕಾಂ ಕರೆಂಟನ್ನು ನೇರವಾಗಿ ನಂಬಿದವು ಮಾಯವಾಗಿರುತ್ತವೆ. ಕೆಲವು ನಿಮಿಷ ಕಾಯಬೇಕೆಂದು ಹೇಳುವುದು ಏಕೆಂದರೆ, ಸಾಧನ ಆರಿಹೋದದ್ದನ್ನು ರೌಟರ್ ತಕ್ಷಣ ಗಮನಿಸುವುದಿಲ್ಲ. ಕರೆಂಟು ಬಂದಾಗ ಯಾವ ಸಾಲುಗಳು ಮರಳುತ್ತವೆ ಎಂಬುದನ್ನೂ ಬರೆದುಕೊಂಡೆ. ಬೇರೆ ದಿನಗಳಲ್ಲಿ ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸಿ ಇದೇ ಪರೀಕ್ಷೆಯನ್ನು ಕೋಣೆಯಿಂದ ಕೋಣೆಗೆ ಮಾಡಬಹುದು, ಫ್ರಿಜ್ ಮತ್ತು ಪಂಪಿನ ಬಗ್ಗೆ ಮನೆಯವರಿಗೆ ಮೊದಲೇ ಹೇಳಿದರೆ ಸಾಕು.

ಆದರೆ ಒಂದು ಸಾಲು ಈ ಪರೀಕ್ಷೆಗೂ ಬಗ್ಗಲಿಲ್ಲ. ಎಸ್‌ಪ್ರೆಸಿಫ್ ಹೆಸರಿನ ಆ ಸಾಧನ ನಮ್ಮ ಯಾವ ಬಲ್ಬಿಗೂ ಪ್ಲಗ್ಗಿಗೂ ಹೊಂದುತ್ತಿರಲಿಲ್ಲ. ರಾತ್ರಿ ಪಟ್ಟಿಯನ್ನು ತೆರೆದರೆ ಅದು ಇರುತ್ತಿರಲಿಲ್ಲ, ಹಗಲಿನಲ್ಲಿ ತಪ್ಪದೆ ಇರುತ್ತಿತ್ತು. ಹೊತ್ತನ್ನು ಬರೆದಿಡಲು ತೊಡಗಿದ ಮೇಲೆ ವಿಷಯ ಬಿಡಿಸಿಕೊಳ್ಳತೊಡಗಿತು: ಬಿಸಿಲು ಚೆನ್ನಾಗಿರುವ ಬೆಳಿಗ್ಗೆ ಅದು ಬೇಗ ಕಾಣಿಸಿಕೊಳ್ಳುತ್ತಿತ್ತು, ಮೋಡ ದಟ್ಟವಾಗಿ ಕವಿದ ದಿನ ತಡವಾಗಿ ಬರುತ್ತಿತ್ತು, ಕತ್ತಲಾಗುವ ಹೊತ್ತಿಗೆ ಹೊರಟುಹೋಗುತ್ತಿತ್ತು. ಸೂರ್ಯನನ್ನು ನೋಡಿ ಏಳುವ, ಮಲಗುವ ಸಾಧನ ನಮ್ಮ ಮನೆಯಲ್ಲಿ ಒಂದೇ ಇದೆ, ಅದು ತಾರಸಿಯ ಸೋಲಾರ್. ಪ್ಯಾನೆಲ್ಲುಗಳಿಂದ ಬರುವ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಡುವ ಇನ್ವರ್ಟರಿನ ಅಡಿಯಲ್ಲಿ ಬೆರಳುದ್ದದ ಒಂದು ಕಡ್ಡಿ ಸಿಕ್ಕಿಸಿರುತ್ತಾರೆ. ಆ ದಿನ ಎಷ್ಟು ಯೂನಿಟ್ ಉತ್ಪಾದನೆಯಾಯಿತು ಎಂಬ ಲೆಕ್ಕವನ್ನು ವೈಫೈ ಮೂಲಕ ಕಳುಹಿಸುವುದು ಅದರ ಕೆಲಸ. ಪ್ಯಾನೆಲ್ಲಿಗೆ ಬೆಳಕು ಬೀಳದಿದ್ದಾಗ ನಮ್ಮ ಈ ಸೋಲಾರ್ ಇನ್ವರ್ಟರ್ ನಿದ್ರೆಗೆ ಹೋಗುತ್ತದೆ, ಅದರಿಂದಲೇ ವಿದ್ಯುತ್ ಪಡೆಯುವ ಕಡ್ಡಿಯೂ ಆರಿಹೋಗುತ್ತದೆ.

ಊಹೆಯನ್ನು ಊಹೆಯಾಗಿಯೇ ಬಿಡಬಾರದೆಂದು ತಾರಸಿಗೆ ಹೋಗಿ, ಆ ಕಡ್ಡಿಯ ಮೇಲಿದ್ದ ಸ್ಟಿಕ್ಕರನ್ನು ಒರೆಸಿ, ಅಲ್ಲಿ ಮುದ್ರಿಸಿದ್ದ ವಿಳಾಸವನ್ನು ನೋಟ್‌ಬುಕ್ಕಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಎರಡೂ ಒಂದೇ ಆಗಿದ್ದವು. ಅಪ್ಪನನ್ನು ಕೇಳಿದಾಗ, “ಹೌದು, ಸೋಲಾರ್ ಹಾಕಿದ ಹುಡುಗರು ವೈಫೈ ಪಾಸ್‌ವರ್ಡ್ ಕೇಳಿದ್ದರು, ನಾನೇ ಕೊಟ್ಟಿದ್ದೆ” ಎಂದರು. 2024ರ ಫೆಬ್ರವರಿಯಲ್ಲಿ ಮನೆಯ ತಾರಸಿ ಸೋಲಾರಿಗೆ ಸಹಾಯಧನ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಆರಂಭವಾದಂದಿನಿಂದ ತಾರಸಿಗೆ ಸೋಲಾರ್ ಹಾಕಿಸುವ ಮನೆಗಳು ಹೆಚ್ಚಿರುವುದರಿಂದ, ಹಗಲಿಗೆ ಮಾತ್ರ ಬರುವ ಸಾಲು ಕಂಡವರು ಮೊದಲು ತಾರಸಿಯನ್ನು ನೋಡುವುದು ಉತ್ತಮ.

ಕೊನೆಗೆ ಉಳಿದದ್ದು ಸಂಜೆ ಏಳರ ನಂತರ ಬಂದು ತಡರಾತ್ರಿಯವರೆಗೆ ಇರುತ್ತಿದ್ದ ಒಂದು ಸಾಧನ. ಅದರ ವಿಳಾಸದ ಎರಡನೆಯ ಅಕ್ಷರ ‘ಎ’ ಆಗಿದ್ದುದರಿಂದ ತಯಾರಕರ ಹೆಸರು ಹುಡುಕುವುದರಲ್ಲಿ ಅರ್ಥವಿರಲಿಲ್ಲ, ಬಹುಶಃ ಮೊಬೈಲ್ ಅಥವಾ ಲ್ಯಾಪ್‌ಟಾಪ್ ಎಂಬಷ್ಟು ಮಾತ್ರ ತಿಳಿಯಿತು. ಇಲ್ಲಿ ಕೆಲಸಕ್ಕೆ ಬಂದದ್ದು ಸಿಗ್ನಲ್ ಬಲ. ರೌಟರ್ ಅದನ್ನು ಡಿಬಿಎಂ ಎಂಬ ಅಳತೆಯಲ್ಲಿ ಋಣ ಸಂಖ್ಯೆಯಾಗಿ ತೋರಿಸುತ್ತದೆ; ಸೊನ್ನೆಯ ಕಡೆಗೆ ಬಂದಷ್ಟೂ ಸಿಗ್ನಲ್ ಬಲವಾಗಿದೆ ಎಂದು ಅರ್ಥ. ಒಂದೇ ಕೋಣೆಯಲ್ಲಿದ್ದಾಗ ನನ್ನ ಮೊಬೈಲ್ -40ರ ಆಸುಪಾಸಿನಲ್ಲಿದ್ದರೆ, ಆ ಸಾಧನ -80ರ ಆಚೀಚೆಯಲ್ಲೇ ಇರುತ್ತಿತ್ತು, ಅದೂ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ನಮ್ಮದು ಮುರಕಲ್ಲಿನ ದಪ್ಪ ಗೋಡೆಗಳ ಹಳೆಯ ಮನೆ. 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ, 2.4 ಮಾತ್ರ ಅಂಗಳದಾಚೆಗೂ ಹೋಗುತ್ತದೆ. ನಾನು ನನ್ನ ಮೊಬೈಲನ್ನು ಹಿಡಿದು ಬಾವಿಕಟ್ಟೆಯ ಬಳಿ, ಹಿತ್ತಿಲಿನಲ್ಲಿ, ಪೂರ್ವದ ಆವರಣ ಗೋಡೆಯ ಪಕ್ಕದಲ್ಲಿ ನಿಂತು, ತಂಗಿಯಿಂದ ರೌಟರಿನ ಪುಟವನ್ನು ಓದಿಸಿದೆ. ಪೂರ್ವದ ಗೋಡೆಯ ಬಳಿ ನಿಂತಾಗ ನನ್ನ ಮೊಬೈಲಿನ ಸಂಖ್ಯೆಯೂ -80ರ ಹತ್ತಿರಕ್ಕೆ ಇಳಿಯಿತು. ಇದು ಸಾಕ್ಷ್ಯವಾಗಲಾರದು, ಮೊಬೈಲಿನಿಂದ ಮೊಬೈಲಿಗೆ ಈ ಸಂಖ್ಯೆ ವ್ಯತ್ಯಾಸವಾಗುತ್ತದೆ. ಎಲ್ಲಿ ವಿಚಾರಿಸಬೇಕು ಎಂಬುದನ್ನು ತಿಳಿಯಲು ಅಷ್ಟು ಸಾಕಾಗಿತ್ತು.

ಗೋಡೆಯಾಚೆಯ ಮನೆಯ ಮೇಲಿನ ಕೋಣೆಯಲ್ಲಿ ಮಣಿಪಾಲದಲ್ಲಿ ಓದುವ ಹುಡುಗರಿದ್ದಾರೆ. ಆರೋಪದ ಧ್ವನಿಯಲ್ಲಿ ಹೋಗಬಾರದೆಂದು ಮೊದಲೇ ನಿಶ್ಚಯಿಸಿದ್ದೆ. “ನಮ್ಮ ವೈಫೈ ನಿಮ್ಮಲ್ಲಿ ಯಾರ ಮೊಬೈಲಿಗಾದರೂ ಸೇರಿದೆಯೋ ಸ್ವಲ್ಪ ನೋಡುತ್ತೀರಾ?” ಎಂದು ಕೇಳಿದೆ. ಅವರಲ್ಲೊಬ್ಬ ಮೊಬೈಲ್ ತೆಗೆದು ತೋರಿಸಿ, “ಹೌದು ಅಣ್ಣ, ನಿಮ್ಮ ಮನೆಯ ಪೂಜೆಯ ದಿನ ಊಟಕ್ಕೆ ಬಂದಾಗ ನಿಮ್ಮ ನೆಂಟರ ಹುಡುಗನೇ ಸ್ಕ್ಯಾನ್ ಮಾಡಿಸಿದ್ದು. ಮತ್ತೆ ತಾನಾಗಿಯೇ ಕನೆಕ್ಟ್ ಆಗುತ್ತಿತ್ತು” ಎಂದ. ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ಸೇರಿಕೊಂಡ ವೈಫೈಯನ್ನು ಕ್ಯೂಆರ್ ಕೋಡ್ ಮೂಲಕ ಇನ್ನೊಬ್ಬರಿಗೆ ದಾಟಿಸಬಹುದು. ಪಾಸ್‌ವರ್ಡನ್ನು ನಾವು ಒಬ್ಬರಿಗೆ ಹೇಳಿದರೆ, ಅವರಿಂದ ಇನ್ನೊಬ್ಬರಿಗೆ ಅದು ಬಾಯಿಬಿಡದೆ ಹೋಗುತ್ತದೆ. ಆ ಹುಡುಗ ತೋರಿಸಿದ ವಿಳಾಸ ನನ್ನ ನೋಟ್‌ಬುಕ್ಕಿನಲ್ಲಿದ್ದದ್ದೇ ಆಗಿತ್ತು. ಬರಿದೇ ಪಾಸ್‌ವರ್ಡ್ ಬದಲಾಯಿಸಿದ್ದರೆ, ಮುಂದಿನ ಸಮಾರಂಭದ ದಿನ ಇದೇ ದಾರಿಯಲ್ಲಿ ಹೊಸ ಪಾಸ್‌ವರ್ಡೂ ಗೋಡೆ ದಾಟುತ್ತಿತ್ತು.

ಹೀಗೆ ಮಾತನಾಡಿ ತಿಳಿಯುವ ಅವಕಾಶ ಇಲ್ಲದವರಿಗೆ ಇನ್ನೆರಡು ಉಪಾಯಗಳಿವೆ. ಕಂಪ್ಯೂಟರ್ ಬಳಕೆ ಬಲ್ಲವರು ಎನ್‌ಮ್ಯಾಪ್ ತಂತ್ರಾಂಶದಿಂದ, ತಮ್ಮ ಸ್ವಂತ ನೆಟ್‌ವರ್ಕಿನೊಳಗೆ ಮಾತ್ರ, ಆ ಸಾಧನದಲ್ಲಿ ಯಾವ ಪೋರ್ಟುಗಳು, ಅಂದರೆ ಒಂದೊಂದು ಸೇವೆಗೆ ಮೀಸಲಾದ ಸಂಖ್ಯೆಯ ಬಾಗಿಲುಗಳು, ತೆರೆದಿವೆ ಎಂದು ನೋಡಬಹುದು. 554 ತೆರೆದಿದ್ದರೆ ಅದು ಕ್ಯಾಮೆರಾ, 9100 ಇದ್ದರೆ ಪ್ರಿಂಟರ್ ಆಗಿರುವ ಸಾಧ್ಯತೆ ಹೆಚ್ಚು. ಇನ್ನೊಂದು, ರೌಟರಿನಲ್ಲಿ ಆ ಒಂದು ಸಾಲನ್ನು ತಡೆದು, ಮನೆಯಲ್ಲಿ ಏನು ಕೆಲಸ ನಿಲ್ಲುತ್ತದೆ ಎಂದು ಕಾದು ನೋಡುವುದು. ಇದನ್ನು ಪತ್ತೆಯ ಉಪಾಯವಾಗಿ ಬಳಸಬೇಕೇ ಹೊರತು ಶಾಶ್ವತ ಬೀಗವೆಂದು ನಂಬಬಾರದು, ಏಕೆಂದರೆ ಮ್ಯಾಕ್ ವಿಳಾಸವನ್ನು ಬದಲಾಯಿಸಿಕೊಂಡು ಮತ್ತೆ ಒಳಬರುವುದು ಸುಲಭ.

ಎಲ್ಲ ಸಾಲುಗಳಿಗೂ ಹೆಸರು ಸಿಕ್ಕಿದ ಮೇಲೆಯೇ ನಾನು ಪಾಸ್‌ವರ್ಡ್ ಬದಲಾಯಿಸಿದೆ. ರೌಟರಿನ ಒಳಪುಟಕ್ಕೆ ಹೋಗುವ ಪಾಸ್‌ವರ್ಡ್ ಬೇರೆಯೇ ಇದೆ, ಅದು ಸ್ಟಿಕ್ಕರಿನಲ್ಲಿ ಮುದ್ರಿಸಿದ್ದದ್ದೇ ಆಗಿದ್ದರಿಂದ ಅದನ್ನೂ ಬದಲಾಯಿಸಿದೆ. ಗುಂಡಿ ಒತ್ತಿ ಅಥವಾ ಎಂಟು ಅಂಕಿಯ ಪಿನ್ ಕೊಟ್ಟು ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ನಿಲ್ಲಿಸಿದೆ. ಅದರ ಪಿನ್ನನ್ನು ಯಂತ್ರದಿಂದ ಊಹಿಸಿ ಒಡೆಯಬಹುದೆಂಬುದು 2011ರಿಂದಲೇ ಬಹಿರಂಗವಾಗಿರುವ ವಿಷಯ. ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿ, ಅದರ ವೇಗಕ್ಕೆ ಮಿತಿ ಹಾಕಿದೆ. ಅಲ್ಲಿಗೆ ಸೇರಿದವರಿಗೆ ನಮ್ಮ ಕ್ಯಾಮೆರಾ, ಪ್ರಿಂಟರ್, ಟಿವಿ ಕಾಣುವುದಿಲ್ಲ. ಮೇಲಿನ ಕೋಣೆಯ ಹುಡುಗರಿಗೂ, ಪರೀಕ್ಷೆಯ ಸಮಯದಲ್ಲಿ ಬೇಕಾದೀತೆಂದು, ಅದರ ಪಾಸ್‌ವರ್ಡನ್ನೇ ಕೊಟ್ಟೆ. ನಮ್ಮ ಸ್ವಂತ ಸಾಧನಗಳಿಗೆ ರೌಟರಿನಲ್ಲೇ ‘ಅಮ್ಮನ ಮೊಬೈಲ್’, ‘ತಾರಸಿ ಸೋಲಾರ್’ ಎಂದು ಹೆಸರಿಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ಪ್ರತಿ ವಿಳಾಸದ ಎದುರಿಗೆ ಸಾಧನ ಇರುವ ಕೋಣೆ, ಅದು ಇನ್ವರ್ಟರಿನ ಲೈನಿನಲ್ಲಿದೆಯೋ ಇಲ್ಲವೋ, ಪಾಸ್‌ವರ್ಡನ್ನು ಅದಕ್ಕೆ ಹಾಕಿಕೊಟ್ಟವರು ಯಾರು ಎಂಬ ಮೂರು ವಿವರಗಳಿವೆ, ಮತ್ತು ಆ ನೋಟ್‌ಬುಕ್ ರೌಟರಿನ ಪಕ್ಕದಲ್ಲೇ ಇರುತ್ತದೆ.