ಅಮ್ಮನ ಡಯಾಲಿಸಿಸ್, ನನ್ನ ಬ್ಯಾಂಕ್ ಕೆಲಸ: ಎರಡನ್ನೂ ಹೊಂದಿಸಿಕೊಂಡ ಬಗೆ

ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಪ್ರತಿ ಸಲ ನಾಲ್ಕು ಗಂಟೆ. ಬಹಳ ವರ್ಷಗಳ ಸಕ್ಕರೆ ಕಾಯಿಲೆ ಅವಳ ಕಿಡ್ನಿಯನ್ನು ಹಾಳು ಮಾಡಿತ್ತು. ನಾನು ಹಾಸನದಲ್ಲಿ ಒಂದು ಬ್ಯಾಂಕಿನಲ್ಲಿ ಕ್ಲರ್ಕ್. ಕೆಲಸ ಬಿಟ್ಟು ನೋಡಿಕೊಳ್ಳುವ ಹಾಗಿರಲಿಲ್ಲ. ಮನೆ ಖರ್ಚು, ಔಷಧಿ, ಮಗನ ಫೀಸು ಎಲ್ಲ ನನ್ನ ಸಂಬಳದಲ್ಲೇ ನಡೆಯಬೇಕು.

ಶುರುವಿನಲ್ಲೇ ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಡಯಾಲಿಸಿಸ್ ದಿನಗಳಿಗೆ ರಜೆ ಹಾಕಬಾರದು. ನಮಗೆ ವರ್ಷಕ್ಕೆ 12 ಸಿ.ಎಲ್. (ಕ್ಯಾಶುಯಲ್ ಲೀವ್). ವಾರಕ್ಕೆ ಮೂರರಂತೆ ಹಾಕಿದರೆ ಒಂದೇ ತಿಂಗಳಲ್ಲಿ ಖಾಲಿ. ಯಾವತ್ತು ಬರುತ್ತದೆ ಎಂದು ಗೊತ್ತಿರುವ ಕೆಲಸಕ್ಕೆ ಏನಾದರೂ ಏರ್ಪಾಡು ಮಾಡಿಕೊಳ್ಳಬೇಕು. ರಜೆ ಇರುವುದು ಹೇಳದೆ ಕೇಳದೆ ಬರುವ ಕಷ್ಟಕ್ಕೆ.

ಅದಕ್ಕೆ ಮೊದಲು ಆಗಬೇಕಾದ್ದು ಪಾಳಿಯ ವಿಷಯ. ಡಯಾಲಿಸಿಸ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಸೋಮ-ಬುಧ-ಶುಕ್ರ ಕೆಲವರಿಗೆ, ಮಂಗಳ-ಗುರು-ಶನಿ ಉಳಿದವರಿಗೆ. ನಮಗೆ ಮೊದಲು ಸಿಕ್ಕಿದ್ದು ಸೋಮವಾರದ ಗುಂಪಿನ ಮಧ್ಯಾಹ್ನದ ಪಾಳಿ. ಬ್ಯಾಂಕಿನ ಕೆಲಸಕ್ಕೆ ಇದಕ್ಕಿಂತ ಕಷ್ಟದ ಹೊತ್ತು ಇನ್ನೊಂದಿಲ್ಲ. ಮಂಗಳ-ಗುರು-ಶನಿ, ಅದೂ ಬೆಳಗಿನ ಪಾಳಿಯೇ ಬೇಕು ಎಂದು ಕೇಳಿಕೊಂಡೆ. ಕಾರಣ ಇಷ್ಟೇ: 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಜಾಗ ಖಾಲಿಯಾಗುವವರೆಗೆ ಕಾಯಬೇಕಾಯಿತು. ಹೋದಾಗಲೆಲ್ಲ ಟೆಕ್ನಿಷಿಯನ್‌ಗೆ ನೆನಪು ಮಾಡುತ್ತಿದ್ದೆ. ಕೇಳದೇ ಇದ್ದರೆ ಯಾರೂ ತಾವಾಗಿ ಬದಲಾಯಿಸಿ ಕೊಡುವುದಿಲ್ಲ.

ಈಗ ಬೆಳಿಗ್ಗೆ ಆರಕ್ಕೆ ಸೂಜಿ ಹಾಕುವಾಗ ನಾನಿರುತ್ತೇನೆ. ಮಗನನ್ನು ಸ್ಕೂಲಿಗೆ ಕಳಿಸಿ ಒಂಬತ್ತರ ಹೊತ್ತಿಗೆ ಹೆಂಡತಿ ಬರುತ್ತಾಳೆ, ನಾನು ಅಲ್ಲಿಂದಲೇ ಬ್ಯಾಂಕಿಗೆ ಹೊರಡುತ್ತೇನೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮನೆಯಲ್ಲಿ ಮಾಡುವ ಕೆಲಸ ಅಂದ ಮಾತ್ರಕ್ಕೆ ಯಾವಾಗ ಬೇಕಾದರೂ ಎದ್ದು ಬರಬಹುದು ಅಂತಲ್ಲ, ಅವಳ ಗಿರಾಕಿಗಳೂ ಕಾಯುತ್ತಿರುತ್ತಾರೆ. ಹಾಗಾಗಿ ರಜೆಯ ಶನಿವಾರ ಪೂರ್ತಿ ನನ್ನ ಪಾಲು, ಆವತ್ತು ಅವಳು ಆಸ್ಪತ್ರೆ ಕಡೆ ಬರುವ ಹಾಗಿಲ್ಲ. ಮಗ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ನೆಂಟರು ಹೊಗಳುವ ಎಷ್ಟೋ ಮನೆಗಳಲ್ಲಿ ನಿಜವಾಗಿ ನೋಡಿಕೊಳ್ಳುತ್ತಿರುವವಳು ಸೊಸೆ. ನಮ್ಮ ಮನೆ ಹಾಗಾಗುವುದು ನನಗೆ ಬೇಕಿರಲಿಲ್ಲ.

ಬ್ಯಾಂಕಿನಲ್ಲಿ ನಾನು ಹೆಡ್ ಕ್ಯಾಶಿಯರ್ ಆಗಿದ್ದೆ. ಸ್ಟ್ರಾಂಗ್ ರೂಮಿನ ಎರಡು ಕೀಲಿಗಳಲ್ಲಿ ಒಂದು ನನ್ನ ಹತ್ತಿರ ಇರುತ್ತಿತ್ತು. ನಾನು ಹೋಗದೆ ಬಾಗಿಲು ತೆಗೆಯುವುದಿಲ್ಲ, ಬಾಗಿಲು ತೆಗೆಯದೆ ಕೌಂಟರಿಗೆ ದುಡ್ಡು ಬರುವುದಿಲ್ಲ. ಡಯಾಲಿಸಿಸ್ ಇಟ್ಟುಕೊಂಡು ಆ ಜವಾಬ್ದಾರಿ ಹೊರುವುದು ಸರಿಯಲ್ಲ ಅನ್ನಿಸಿತು. ಸೀಟು ಬಿಟ್ಟುಕೊಟ್ಟೆ. ಅದರ ಜೊತೆಗಿದ್ದ ವಿಶೇಷ ಭತ್ಯೆಯೂ ಹೋಯಿತು.

ಮ್ಯಾನೇಜರ್ ಹತ್ತಿರ ಮಾತಾಡುವಾಗ 'ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್' ಎನ್ನಲಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಮಂಗಳವಾರ, ಗುರುವಾರ ಹತ್ತು ಗಂಟೆಗೆ ಸರಿಯಾಗಿ ಬರುತ್ತೇನೆ, ಅದಕ್ಕಿಂತ ಮುಂಚೆ ಆಗುವುದಿಲ್ಲ. ಸೋಮವಾರ, ಬುಧವಾರ ಎಷ್ಟು ಹೊತ್ತಾದರೂ ಕೂರುತ್ತೇನೆ. ಮಾರ್ಚ್ ಕ್ಲೋಸಿಂಗ್‌ಗೆ ಕೊನೆಯವರೆಗೂ ಇರುತ್ತೇನೆ. ಓದಿ ನೋಡಿ, "ಇಷ್ಟು ಮೊದಲೇ ಗೊತ್ತಾದ್ರೆ ನಮಗೂ ಸುಲಭ ಕಣ್ರೀ" ಎಂದರು. ಜೊತೆಯವರಿಗೂ ಅದನ್ನೇ ಹೇಳಿದೆ. ಅವರ ಮನೆಯಲ್ಲಿ ಮದುವೆ, ಹಬ್ಬ ಬಂದಾಗ ಅವರ ಸೀಟು ನಾನು ನೋಡಿಕೊಂಡಿದ್ದೇನೆ. ಆಫೀಸರ್ ಪ್ರಮೋಷನ್ ಪರೀಕ್ಷೆಗೆ ಮಾತ್ರ ಅರ್ಜಿ ಹಾಕಿಲ್ಲ. ಪಾಸಾದರೆ ವರ್ಗ ಆಗುತ್ತದೆ, ಎಲ್ಲಿಗೆ ಎಂದು ಹೇಳುವ ಹಾಗಿಲ್ಲ. ಬೇಜಾರು ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಆಸ್ಪತ್ರೆಗಿಂತ ಜಾಸ್ತಿ ಎಚ್ಚರ ಬೇಕಾಗಿರುವುದು ಮನೆಯಲ್ಲಿ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ. ಎರಡು ಡಯಾಲಿಸಿಸ್ ನಡುವೆ ತೂಕ ಏರುವುದು ಮುಖ್ಯವಾಗಿ ನೀರಿನಿಂದ. ಒಂದು ಲೀಟರ್ ಉಳಿದರೆ ಒಂದು ಕೆ.ಜಿ. ಜಾಸ್ತಿ. ಅದನ್ನೆಲ್ಲ ನಾಲ್ಕು ಗಂಟೆಯಲ್ಲಿ ಎಳೆಯುವಾಗ ಬಿ.ಪಿ. ಇಳಿಯುತ್ತದೆ, ಕಾಲಿನ ಮಾಂಸಖಂಡ ಹಿಡಿದುಕೊಳ್ಳುತ್ತದೆ. ಡಾಕ್ಟರು ಅಮ್ಮನಿಗೆ ದಿನಕ್ಕೆ ಒಂದು ಲೀಟರ್ ಎಂದು ಹೇಳಿದ್ದಾರೆ. ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರೊಳಗೇ. ನಾನಿಲ್ಲದಾಗ ಲೆಕ್ಕ ಇಡುವುದು ಹೇಗೆ? ಬೆಳಿಗ್ಗೆ ಲೀಟರ್ ಬಾಟಲಿ ತುಂಬಿಸಿಡುತ್ತೇನೆ. ಅಮ್ಮ ಒಂದು ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಅದೇ ಲೋಟದಷ್ಟು ನೀರು ತೆಗೆದು ಗಿಡಕ್ಕೆ ಹಾಕುತ್ತಾಳೆ. ಬಾಟಲಿಯಲ್ಲಿ ಉಳಿದಷ್ಟೇ ಆ ದಿನಕ್ಕೆ. ಅವಳೇ ನೋಡಿಕೊಳ್ಳುತ್ತಾಳೆ, ನಾನು ಬ್ಯಾಂಕಿನಿಂದ ಫೋನ್ ಮಾಡಿ ಕೇಳುವ ಕೆಲಸವಿಲ್ಲ.

ಊಟದಲ್ಲಿ ಅವಳಿಗೆ ತುಂಬಾ ನೋವಾಗಿದ್ದು ಬಸ್ಸಾರಿನ ವಿಷಯಕ್ಕೆ. ತರಕಾರಿಯ ಪೊಟ್ಯಾಸಿಯಂ ಕಡಿಮೆಯಾಗಲಿ ಎಂದು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಬಸ್ಸಾರು ಮಾಡುವುದೇ ಆ ಬಸಿದ ನೀರಲ್ಲಿ, ಅಲ್ವಾ? ಇಷ್ಟು ವರ್ಷ ಸೊಪ್ಪು, ಕಾಳು ಬಸಿದು ಮನೆಮಂದಿಗೆಲ್ಲ ಬಡಿಸಿದವಳು ಅದನ್ನು ಬಿಡಬೇಕಾಯಿತು. ನೋಡಲು ಬರುವವರು ತರುವುದೋ ಎಳನೀರು, ಬಾಳೆಹಣ್ಣು. ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ಬರುವ ಮುಂಚೆಯೇ ಫೋನಿನಲ್ಲಿ, ಏನೂ ತರಬೇಡಿ, ಸುಮ್ನೆ ಬಂದು ಮಾತಾಡಿಸಿ ಹೋಗಿ ಎಂದು ಹೇಳಿಬಿಡುತ್ತೇನೆ.

ಅಮ್ಮನ ಎಡಗೈಯಲ್ಲಿ ಫಿಸ್ಟುಲಾ ಇದೆ. ಡಯಾಲಿಸಿಸ್ ಸೂಜಿ ಹಾಕಲೆಂದು ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿರುವುದು. ಅದರ ಮೇಲೆ ಬೆರಳಿಟ್ಟರೆ ಒಳಗೆ ಜುಮ್ಮೆನ್ನುತ್ತದೆ. ಆ ಕೈಗೆ ಬಿಗಿಯಾದ ಬಳೆ ಹಾಕಬಾರದು, ಬಿ.ಪಿ. ನೋಡಬಾರದು, ಭಾರ ಎತ್ತಬಾರದು. ಬ್ಯಾಂಕಿಗೆ ಹೊರಡುವ ಮುಂಚೆ ದಿನಾ ಮುಟ್ಟಿ ನೋಡುತ್ತೇನೆ. ಒಂದು ಬುಧವಾರ ಬೆರಳಿಟ್ಟರೆ ಏನೂ ಇಲ್ಲ. ಆ ಕಡೆ ಈ ಕಡೆ ಒತ್ತಿ ನೋಡಿದೆ. "ಏನಾಯ್ತು ಮಗಾ, ಯಾಕೆ ಸುಮ್ನಾದೆ?" ಎಂದು ಅಮ್ಮ ಕೇಳಿದಳು. ತಿಂಡಿಯನ್ನೂ ತಿನ್ನದೆ ಆಸ್ಪತ್ರೆಗೆ ಹೊರಟೆವು. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಬೇಗ ಹೋಗಿದ್ದರಿಂದ ಸರ್ಜನ್ ಅದನ್ನು ತೆಗೆದು ಫಿಸ್ಟುಲಾ ಉಳಿಸಿದರು. ಆ ವಾರ ಪೂರ್ತಿ ನಾನು ಅಮ್ಮನ ಪಕ್ಕದಲ್ಲೇ ಇದ್ದೆ. ರಜೆ ಕೈಯಲ್ಲಿತ್ತು, ಯಾರ ಮುಂದೆಯೂ ಬೇಡಬೇಕಾಗಲಿಲ್ಲ.

ದುಡ್ಡಿನ ಬಗ್ಗೆ ಒಂದು ಮಾತು. ಕಿಡ್ನಿ ವೈಫಲ್ಯದ ಚಿಕಿತ್ಸೆಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಸೆಕ್ಷನ್ ಪ್ರಕಾರ ವಿನಾಯಿತಿ ಪಡೆದಿದ್ದೇನೆ. ಅವಲಂಬಿತ ಹಿರಿಯ ನಾಗರಿಕರ ಚಿಕಿತ್ಸೆಗಾದರೆ 1 ಲಕ್ಷ ರೂಪಾಯಿವರೆಗೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಕಿಡ್ನಿ ತಜ್ಞರ ಚೀಟಿ ಬೇಕು. ಇನ್ಶೂರೆನ್ಸ್‌ನಿಂದ ಬಂದ ಹಣವನ್ನು ಕಳೆದು ಲೆಕ್ಕ ಹಾಕುತ್ತಾರೆ. ಬಿಲ್ಲುಗಳನ್ನು ಆಯಾ ತಿಂಗಳೇ ಫೈಲ್ ಮಾಡಿಡಿ, ಮಾರ್ಚ್‌ನಲ್ಲಿ ಹುಡುಕಲು ಪುರುಸೊತ್ತು ಸಿಗುವುದಿಲ್ಲ.

ಅದೇ ಫೈಲಿನಲ್ಲಿ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ವರದಿ, ಕೊನೆಯ ಕೆಲವು ಡಯಾಲಿಸಿಸ್‌ಗಳ ವಿವರ, ಒಣ ತೂಕ (ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ) ಎಷ್ಟು ಎಂಬುದೂ ಇರಲಿ. ಬೇರೆ ಊರಲ್ಲಿ ಡಯಾಲಿಸಿಸ್ ಮಾಡಿಸಬೇಕಾದರೆ ಇವನ್ನು ಕೇಳುತ್ತಾರೆ. ತನ್ನ ತಮ್ಮನ ಮಗಳ ಮದುವೆಗೆ ಮೈಸೂರಿಗೆ ಹೋಗಬೇಕೆಂದು ಅಮ್ಮ ಹಟ ಹಿಡಿದಾಗ, ಎರಡು ವಾರ ಮೊದಲೇ ಅಲ್ಲಿನ ಒಂದು ಸೆಂಟರಿಗೆ ವರದಿಗಳನ್ನು ವಾಟ್ಸ್ಆ್ಯಪ್ ಮಾಡಿ ಗುರುವಾರದ ಜಾಗ ಹಿಡಿದಿಟ್ಟೆ. ಶುಕ್ರವಾರ ಅವಳು ಧಾರೆಗೆ ಮುಂದಿನ ಸಾಲಿನಲ್ಲೇ ಕೂತಿದ್ದಳು. ಆ ಶುಕ್ರವಾರಕ್ಕೆ ಒಂದು ಸಿ.ಎಲ್. ಖುಷಿಯಿಂದಲೇ ಹಾಕಿದೆ.