ಹುಟ್ಟು ಎಷ್ಟು, ಸಾವು ಎಷ್ಟು: ಅಮೆರಿಕದ ಕೌಂಟಿಗಳ ಸಹಜ ಬೆಳವಣಿಗೆ ನೋಡುವ ಬಗೆ

ಕೌಂಟಿ ಅಂದರೆ ಅಮೆರಿಕದ ರಾಜ್ಯಗಳೊಳಗಿನ, ನಮ್ಮ ಜಿಲ್ಲೆಯಂಥ ಆಡಳಿತ ಭಾಗ. ಫ್ಲಾರಿಡಾ ರಾಜ್ಯದ 67 ಕೌಂಟಿಗಳ ನಕ್ಷೆಗೆ ಒಂದು ಭಾನುವಾರ ಬಣ್ಣ ತುಂಬುತ್ತಾ ಕೂತಿದ್ದೆ. ಜನ ಹೆಚ್ಚಿದ ಕಡೆ ಹಸಿರು, ತಗ್ಗಿದ ಕಡೆ ಕೆಂಪು. ಸಮ್ಟರ್ ಕೌಂಟಿಗೆ ಕಡು ಹಸಿರು ಬಂತು. 2010ರಲ್ಲಿ 93,420 ಇದ್ದ ಜನ 2020ಕ್ಕೆ 1,29,752 ಆಗಿದ್ದರು. ಮಕ್ಕಳು ಜಾಸ್ತಿ ಹುಟ್ಟುವ ಊರು ಅಂದುಕೊಂಡೆ. ಅಲ್ಲಿ ತೊಟ್ಟಿಲು ತೂಗುವವರೇ ಕಡಿಮೆ! ನಿವೃತ್ತರಿಗಾಗಿಯೇ ಕಟ್ಟಿದ 'ದಿ ವಿಲೇಜಸ್' ಇರುವ ಕೌಂಟಿ ಅದು. ಸಾವು ಹುಟ್ಟಿಗಿಂತ ಜಾಸ್ತಿ. ಬೆಳೆಸಿದ್ದು ಹೊರಗಿಂದ ಬಂದು ನೆಲೆಸಿದವರು.

ಹಾಗಾಗಿ ಮೊದಲ ಕೆಲಸ, ವಲಸೆಯನ್ನು ಪಕ್ಕಕ್ಕಿಡುವುದು. ಹುಟ್ಟಿದವರಲ್ಲಿ ಸತ್ತವರನ್ನು ಕಳೆದರೆ ಉಳಿಯುವುದೇ ಸಹಜ ಬೆಳವಣಿಗೆ. ಅಮೆರಿಕದ ಜನಗಣತಿ ಇಲಾಖೆ ಪ್ರತಿ ವರ್ಷ ಹೊರಡಿಸುವ ಕೌಂಟಿ ಅಂದಾಜಿನ ಫೈಲಿನಲ್ಲಿ ಹುಟ್ಟು, ಸಾವು, ವಲಸೆ ಎಲ್ಲಕ್ಕೂ ಬೇರೆ ಬೇರೆ ಕಾಲಂ ಇವೆ. ಅದನ್ನು ಎಕ್ಸೆಲ್‌ನಲ್ಲಿ ತೆರೆಯಿರಿ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದಿದ್ದೇನೆ. 2020ರ ಹುಟ್ಟಿನ ಕಾಲಂ ನೋಡಿ, 2021ರದ್ದು ನೋಡಿದೆ. ಒಂದೇ ವರ್ಷದಲ್ಲಿ ಹುಟ್ಟು ನಾಲ್ಕು ಪಟ್ಟು! ಸಹೋದ್ಯೋಗಿಗೆ ಹೆಮ್ಮೆಯಿಂದ ತೋರಿಸಿದ್ದೂ ಆಯ್ತು. ಆಮೇಲೆ ತಿಳಿಯಿತು, 2020ರ ಕಾಲಂನಲ್ಲಿರುವುದು ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳ ಲೆಕ್ಕ ಮಾತ್ರ. ಉಳಿದವು ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ. ಆ ಮೊದಲ ಕಾಲಂ ಸುಮ್ನೆ ಬಿಟ್ಟುಬಿಡಿ.

ಈಗ ಸಾವಿರ ಜನಕ್ಕೆ ಎಷ್ಟು ಅಂತ ಲೆಕ್ಕ ಹಾಕಿ. ಒಂದು ಕೌಂಟಿಯಲ್ಲಿ 20,000 ಜನ, ಹುಟ್ಟು 180, ಸಾವು 260 ಅಂತಿಟ್ಟುಕೊಳ್ಳಿ. 80 ಕಮ್ಮಿ. ಅದನ್ನು 20,000ದಿಂದ ಭಾಗಿಸಿ, 1,000ದಿಂದ ಗುಣಿಸಿದರೆ ಮೈನಸ್ 4. ಹೀಗೆ ಮಾಡದೆ ಬರೀ ಸಂಖ್ಯೆಗೆ ಬಣ್ಣ ತುಂಬಿದರೆ ದೊಡ್ಡ ಊರುಗಳಷ್ಟೇ ಎದ್ದು ಕಾಣುತ್ತವೆ, ಅಲ್ವಾ?

ತೀರಾ ಚಿಕ್ಕ ಕೌಂಟಿಯಲ್ಲಿ ಈ ದರವೂ ಕೈಕೊಡುತ್ತದೆ. ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಗಣತಿಗೆ ಸಿಕ್ಕವರು 64 ಜನ. ಅಲ್ಲಿ ಒಂದು ಮಗು ಹುಟ್ಟಿದರೆ ದರ ಸಾವಿರಕ್ಕೆ 16ರಷ್ಟು ಜಿಗಿಯುತ್ತದೆ. ಅಂಥ ಕಡೆ ಮೂರ್ನಾಲ್ಕು ವರ್ಷ ಕೂಡಿಸಿ ನೋಡಿ. 2021ರ ಒಂದೇ ವರ್ಷ ಹಿಡಿದು ತೀರ್ಪು ಕೊಡಬೇಡಿ. ಕೋವಿಡ್‌ನ ಆ ವರ್ಷ ದೇಶದ ಶೇ. 73ರಷ್ಟು ಕೌಂಟಿಗಳಲ್ಲಿ ಸಾವೇ ಜಾಸ್ತಿಯಿತ್ತು.

ಆಸ್ಪತ್ರೆ ಇರುವ ಕೌಂಟಿಗೆ ಹುಟ್ಟೆಲ್ಲ ಸೇರಿಬಿಡುತ್ತದೆ ಅನ್ನುವ ಅನುಮಾನ ಬೇಡ. ಮಗುವನ್ನು ತಾಯಿ ವಾಸಿಸುವ ಕೌಂಟಿಗೇ ಬರೆಯುತ್ತಾರೆ.

ಕಾರಣ ಹುಡುಕುವಾಗ ನಾನು ಮೊದಲು ನೋಡುವುದು ವಯಸ್ಸು. ಒಬ್ಬೊಬ್ಬ ತಾಯಿಗೆ ಎಷ್ಟು ಮಕ್ಕಳು ಅನ್ನುವುದು ಆಮೇಲಿನ ಮಾತು. ಯೂಟಾ ರಾಜ್ಯದಲ್ಲಿ ಪ್ರೋವೋ ನಗರ ಇರುವ ಯೂಟಾ ಕೌಂಟಿಯಲ್ಲಿ ವಿಶ್ವವಿದ್ಯಾಲಯ ಇದೆ, ಎಳೆ ವಯಸ್ಸಿನ ದಂಪತಿಗಳಿದ್ದಾರೆ, ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಕುಟುಂಬಗಳೂ ದೊಡ್ಡವು. ಮೂರೂ ಕೂಡಿ ಹುಟ್ಟು ಮೇಲೇಳುತ್ತದೆ, ಸಾವು ಕಮ್ಮಿ. ಹಳ್ಳಿಗಾಡಿನ ಎಷ್ಟೋ ಕೌಂಟಿಗಳಲ್ಲಿ ಇದರ ಉಲ್ಟಾ: ಹುಡುಗ ಹುಡುಗಿಯರು ಕೆಲಸಕ್ಕೆ ಹೊರಟರು, ಅಪ್ಪ ಅಮ್ಮ ಉಳಿದರು. ಹೋದವರ ಜೊತೆ ಮುಂದೆ ಹುಟ್ಟಬೇಕಿದ್ದ ಮಕ್ಕಳೂ ಹೋದ ಹಾಗೆ. ಅಂದರೆ ಪಕ್ಕಕ್ಕಿಟ್ಟ ವಲಸೆ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ.

ಅದಕ್ಕೇ ಈಗ ಎರಡು ನಕ್ಷೆ ಮಾಡುತ್ತೇನೆ, ಒಂದು ಸಹಜ ಬೆಳವಣಿಗೆಗೆ, ಇನ್ನೊಂದು ವಲಸೆಗೆ. ಸಮ್ಟರ್ ಮೊದಲನೆಯದರಲ್ಲಿ ಕೆಂಪು, ಎರಡನೆಯದರಲ್ಲಿ ಹಸಿರು.